667ನೆಯ ಸ್ಥಾನದ ಒಂದು ಹೈಡ್ರಾಕ್ಸಿಲ್: ಟ್ಯಾಕ್ ಪಾಲಿಮರೇಸ್ ತನ್ನ ತಲಾಧಾರವನ್ನು ಆರಿಸಿಕೊಳ್ಳುವ ಬಗೆ

ಡಿಎನ್‌ಎಯ ಎಳೆಯನ್ನು ಕಟ್ಟುವ ಟ್ಯಾಕ್ ಪಾಲಿಮರೇಸ್ ಎಂಬ ಕಿಣ್ವವು 832 ಅಮೈನೊ ಆಮ್ಲಗಳ ಒಂದು ಸರಪಳಿ. ಅದರಲ್ಲಿ 667ನೆಯದು ಫಿನೈಲ್‌ಅಲನೀನ್. ಅದೊಂದನ್ನು ತೆಗೆದು ಆ ಜಾಗದಲ್ಲಿ ಟೈರೋಸೀನ್ ಇರಿಸಿದರೆ, ಅಲ್ಲಿಯವರೆಗೆ ಕಿಣ್ವವು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸುತ್ತಿದ್ದ ಒಂದು ಬಗೆಯ ಅಣುವು ಸುಲಭವಾಗಿ ಒಳಗೆ ಬರತೊಡಗುತ್ತದೆ. ಈ ಎರಡು ಅಮೈನೊ ಆಮ್ಲಗಳ ರಚನೆಯನ್ನು ಕಪ್ಪು ಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಬರೆದು ನೋಡಿದರೆ ಕಾಣುವ ವ್ಯತ್ಯಾಸ ಒಂದೇ: ಟೈರೋಸೀನಿನ ಉಂಗುರದ ತುದಿಯಲ್ಲಿ ಒಂದು ಹೈಡ್ರಾಕ್ಸಿಲ್ ಗುಂಪು, ಅಂದರೆ ಒಂದು ಆಮ್ಲಜನಕ ಮತ್ತು ಅದಕ್ಕೆ ಅಂಟಿದ ಒಂದು ಜಲಜನಕ, ಹೆಚ್ಚಾಗಿದೆ. ವಂಶವಾಹಿಯ ಮಟ್ಟದಲ್ಲಿ ಲೆಕ್ಕ ಹಾಕಿದರೆ, 832 ಅಮೈನೊ ಆಮ್ಲಗಳನ್ನು ಸೂಚಿಸುವ 2,496 ಅಕ್ಷರಗಳಲ್ಲಿ ಒಂದೇ ಒಂದು ಅಕ್ಷರ, ಟಿ ಇದ್ದಲ್ಲಿ ಎ, ಬದಲಾದರೆ ಸಾಕು.

ಕಿಣ್ವದ ರಚನೆಯೇ ಅದರ ಆಯ್ಕೆಯನ್ನು ನಿರ್ಧರಿಸುತ್ತದೆ ಎಂಬ ಮಾತನ್ನು ಪಠ್ಯಪುಸ್ತಕಗಳಲ್ಲಿ ನಾವೆಲ್ಲ ಓದಿದ್ದೇವೆ. ಆದರೆ ಆ ಮಾತು ಇಷ್ಟು ಸ್ಪಷ್ಟವಾಗಿ, ಒಂದು ಪರಮಾಣುವಿನ ಕಡೆಗೆ ಬೆರಳು ತೋರಿಸಿ ಹೇಳುವಷ್ಟು ನಿಖರವಾಗಿ ಸಾಬೀತಾದ ಪ್ರಕರಣಗಳು ಹೆಚ್ಚಿಲ್ಲ. ಶಾಖ ತಡೆಯುವ ಕಿಣ್ವವೊಂದರಲ್ಲಿ ಅದು ನಡೆದದ್ದರಿಂದ ಇನ್ನೊಂದು ಪ್ರಶ್ನೆಗೂ ಉತ್ತರ ಸಿಕ್ಕಿತು: ಶಾಖವನ್ನು ತಾಳುವ ಗುಣ ಮತ್ತು ತಲಾಧಾರವನ್ನು, ಅಂದರೆ ಕಿಣ್ವವು ತನ್ನ ಕೆಲಸಕ್ಕೆ ಬಳಸುವ ಅಣುವನ್ನು, ಆರಿಸುವ ಗುಣ, ಇವೆರಡೂ ಒಂದಕ್ಕೊಂದು ಹೆಣೆದುಕೊಂಡಿವೆಯೇ, ಅಥವಾ ಒಂದನ್ನು ಮುಟ್ಟದೆ ಇನ್ನೊಂದನ್ನು ಬದಲಿಸಬಹುದೇ?

ಹಿನ್ನೆಲೆ

ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಮಶ್ರೂಮ್ ಸ್ಪ್ರಿಂಗ್ ಎಂಬ ಬಿಸಿನೀರಿನ ಬುಗ್ಗೆಯಿಂದ ಥಾಮಸ್ ಬ್ರಾಕ್ ಮತ್ತು ಅವರ ವಿದ್ಯಾರ್ಥಿ ಹಡ್ಸನ್ ಫ್ರೀಜ್ ಅವರು ಒಂದು ಬ್ಯಾಕ್ಟೀರಿಯವನ್ನು ಬೇರ್ಪಡಿಸಿ, 1969ರಲ್ಲಿ ಅದಕ್ಕೆ ಥರ್ಮಸ್ ಅಕ್ವಾಟಿಕಸ್ ಎಂದು ಹೆಸರಿಟ್ಟರು. ಅದು ಸುಮಾರು 70 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಚೆನ್ನಾಗಿ ಬೆಳೆಯುತ್ತದೆ. ಅದರ ಡಿಎನ್‌ಎ ಪಾಲಿಮರೇಸ್ ಅನ್ನು, ಅಂದರೆ ಡಿಎನ್‌ಎಯ ಒಂದು ಎಳೆಯನ್ನು ನೋಡಿಕೊಂಡು ಅದಕ್ಕೆ ಹೊಂದುವ ಇನ್ನೊಂದು ಎಳೆಯನ್ನು ಕಟ್ಟುವ ಕಿಣ್ವವಾದ ಟ್ಯಾಕ್ ಅನ್ನು, 1976ರಲ್ಲಿ ಚಿಯೆನ್, ಎಡ್ಗರ್ ಮತ್ತು ಟ್ರೆಲಾ ಅವರು ಶುದ್ಧೀಕರಿಸಿದರು. 1988ರಲ್ಲಿ ಈ ಕಿಣ್ವವು ಪಿಸಿಆರ್‌ಗೆ, ಅಂದರೆ ಡಿಎನ್‌ಎಯ ತುಣುಕನ್ನು ಅಸಂಖ್ಯ ಪ್ರತಿಗಳಾಗಿ ಹೆಚ್ಚಿಸುವ ವಿಧಾನಕ್ಕೆ, ಬಳಕೆಯಾದದ್ದು, ಆಮೇಲೆ ಜಗತ್ತಿನ ಎಲ್ಲ ಪ್ರಯೋಗಾಲಯಗಳ ಫ್ರೀಜರ್‌ಗಳಲ್ಲಿ ಅದು ನೆಲೆಯೂರಿದ್ದು ಎಲ್ಲರಿಗೂ ಗೊತ್ತಿರುವ ಕಥೆ. 95 ಡಿಗ್ರಿಯಲ್ಲಿ ಸುಮಾರು 40 ನಿಮಿಷ ಕಾದರೂ ಅದರ ಅರ್ಧದಷ್ಟು ಶಕ್ತಿ ಉಳಿದಿರುತ್ತದೆ, ಕರುಳಿನ ಬ್ಯಾಕ್ಟೀರಿಯವಾದ ಇ. ಕೋಲಿಯ ಪಾಲಿಮರೇಸ್ ಅಂಥ ಶಾಖದಲ್ಲಿ ಕೂಡಲೇ ಹಾಳಾಗುತ್ತದೆ.

ನಮ್ಮ ಪ್ರಕರಣಕ್ಕೆ ಬೇಕಾದದ್ದು ಪಿಸಿಆರ್ ಅಲ್ಲ, ಡಿಎನ್‌ಎ ಸೀಕ್ವೆನ್ಸಿಂಗ್, ಅಂದರೆ ಡಿಎನ್‌ಎಯ ಅಕ್ಷರಗಳ ಸಾಲನ್ನು ಓದುವುದು. ಫ್ರೆಡರಿಕ್ ಸ್ಯಾಂಗರ್ ಅವರು 1977ರಲ್ಲಿ ಪ್ರಕಟಿಸಿದ ವಿಧಾನದ ತಿರುಳು ಹೀಗಿದೆ. ಪಾಲಿಮರೇಸ್‌ನ ತಲಾಧಾರವೆಂದರೆ ನಾಲ್ಕು ಬಗೆಯ ಡಿಆಕ್ಸಿ ನ್ಯೂಕ್ಲಿಯೊಟೈಡ್‌ಗಳು. ಪ್ರತಿಯೊಂದರ ಸಕ್ಕರೆಯ 3ನೆಯ ಇಂಗಾಲದಲ್ಲಿ ಒಂದು ಹೈಡ್ರಾಕ್ಸಿಲ್ ಇರುತ್ತದೆ. ಮುಂದಿನ ಕೊಂಡಿ ಸಿಕ್ಕಿಕೊಳ್ಳುವುದು ಅಲ್ಲಿಗೇ. ಆ ಹೈಡ್ರಾಕ್ಸಿಲ್ ಇಲ್ಲದ ನ್ಯೂಕ್ಲಿಯೊಟೈಡ್, ಅಂದರೆ ಡೈಡಿಆಕ್ಸಿ ರೂಪ, ಒಮ್ಮೆ ಎಳೆಗೆ ಸೇರಿತೆಂದರೆ ಎಳೆ ಅಲ್ಲಿಗೆ ನಿಂತುಹೋಗುತ್ತದೆ. ಸಾಮಾನ್ಯ ನ್ಯೂಕ್ಲಿಯೊಟೈಡ್‌ಗಳ ನಡುವೆ ಡೈಡಿಆಕ್ಸಿ ರೂಪವನ್ನೂ ಬೆರೆಸಿದರೆ ಬೇರೆ ಬೇರೆ ಎಳೆಗಳು ಬೇರೆ ಬೇರೆ ಜಾಗದಲ್ಲಿ ನಿಲ್ಲುತ್ತವೆ. ಅವುಗಳ ಉದ್ದವನ್ನು ಅಳೆದು ಅಕ್ಷರಗಳ ಸಾಲನ್ನು ಓದಬಹುದು.

ಈ ಇಡೀ ವಿಧಾನ ನಿಂತಿರುವುದು ಕಿಣ್ವವು ಮೋಸಹೋಗುವುದರ ಮೇಲೆ. ನಿಜವಾದ ತಲಾಧಾರಕ್ಕೂ ಕೊಂಡಿಯಿಲ್ಲದ ನಕಲಿಗೂ ಇರುವ ಅಂತರವನ್ನು ಅದು ಗುರುತಿಸಬಾರದು.

ತೊಂದರೆ

ಟ್ಯಾಕ್ ಆ ಅಂತರವನ್ನು ಚೆನ್ನಾಗಿಯೇ ಗುರುತಿಸುತ್ತಿತ್ತು. ಇ. ಕೋಲಿಯ ಪಾಲಿಮರೇಸ್ ಒಂದನೆಯದೂ, ಸ್ಯಾಂಗರ್ ಅವರು ಮೊದಲು ಬಳಸಿದ ಅದರ ಕ್ಲೆನೋ ತುಂಡೂ ಹಾಗೆಯೇ ವರ್ತಿಸುತ್ತಿದ್ದವು. ಟಿ7 ಎಂಬ ಬ್ಯಾಕ್ಟೀರಿಯೊಫೇಜ್‌ನ, ಅಂದರೆ ಬ್ಯಾಕ್ಟೀರಿಯಗಳಿಗೆ ತಗಲುವ ವೈರಸ್ಸಿನ, ಪಾಲಿಮರೇಸ್ ಮಾತ್ರ ಡೈಡಿಆಕ್ಸಿ ರೂಪವನ್ನು ಬಹುಮಟ್ಟಿಗೆ ಸಾಮಾನ್ಯ ರೂಪದಂತೆಯೇ ಸೇರಿಸಿಕೊಳ್ಳುತ್ತಿತ್ತು. ಹಾರ್ವರ್ಡ್ ವೈದ್ಯಕೀಯ ಶಾಲೆಯ ಸ್ಟ್ಯಾನ್ಲಿ ಟೇಬರ್ ಮತ್ತು ಚಾರ್ಲ್ಸ್ ರಿಚರ್ಡ್‌ಸನ್ ಅವರು 1987ರಲ್ಲಿ ಈ ಟಿ7 ಕಿಣ್ವವನ್ನು ಮಾರ್ಪಡಿಸಿ ಸೀಕ್ವೆನ್ಸಿಂಗ್‌ಗೆ ಒದಗಿಸಿದರು. ಆದರೆ ಅದು ಶಾಖವನ್ನು ತಾಳದು.

ತಾರತಮ್ಯದ ಪರಿಣಾಮವೇನೆಂಬುದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಒಂದು ನಿರ್ದಿಷ್ಟ ಅಕ್ಷರ ಬಂದಾಗಲೆಲ್ಲ ಸರಾಸರಿ ನೂರಕ್ಕೆ ಒಮ್ಮೆ ಎಳೆ ನಿಲ್ಲಬೇಕೆಂದು ಇಟ್ಟುಕೊಳ್ಳೋಣ. ಕಿಣ್ವವು ಎರಡು ರೂಪಗಳ ನಡುವೆ ಭೇದ ಮಾಡದಿದ್ದರೆ ನೂರು ಪಾಲು ಸಾಮಾನ್ಯ ನ್ಯೂಕ್ಲಿಯೊಟೈಡ್‌ಗೆ ಒಂದು ಪಾಲು ಡೈಡಿಆಕ್ಸಿ ಸಾಕು. ಕಿಣ್ವವು ಸಾಮಾನ್ಯ ರೂಪವನ್ನು 3,000 ಪಟ್ಟು ಹೆಚ್ಚಾಗಿ ಆರಿಸುವುದಾದರೆ, ಅದೇ ಫಲಿತಾಂಶಕ್ಕಾಗಿ ಡೈಡಿಆಕ್ಸಿಯನ್ನೇ ಸಾಮಾನ್ಯ ರೂಪಕ್ಕಿಂತ 30 ಪಟ್ಟು ಹೆಚ್ಚು ಸುರಿಯಬೇಕಾಗುತ್ತದೆ. ಪ್ರತಿ ಡೈಡಿಆಕ್ಸಿಗೂ ಹೊಳೆಯುವ ಬಣ್ಣವನ್ನು ಅಂಟಿಸಿ ಯಂತ್ರದಿಂದ ಓದುವ ಪದ್ಧತಿ ಬಂದ ಮೇಲೆ ಇದು ದುಬಾರಿಯಾಯಿತು. ಎಳೆಗೆ ಸೇರದೆ ಉಳಿದ ಬಣ್ಣವನ್ನೆಲ್ಲ ತೊಳೆದು ತೆಗೆಯದಿದ್ದರೆ ಅದು ಓದನ್ನೇ ಮಸುಕುಮಾಡುತ್ತಿತ್ತು.

ಹಣಕ್ಕಿಂತ ದೊಡ್ಡ ತೊಂದರೆ ಇನ್ನೊಂದಿತ್ತು. ಕಿಣ್ವವು ಒಲ್ಲದ ಮನಸ್ಸಿನಿಂದ ಸ್ವೀಕರಿಸುವ ಅಣುವಿನ ವಿಷಯದಲ್ಲಿ ಸುತ್ತಲಿನ ಅಕ್ಷರಗಳ ಸಣ್ಣಪುಟ್ಟ ಪ್ರಭಾವಗಳೂ ಎದ್ದು ಕಾಣುತ್ತವೆ. ಆದ್ದರಿಂದ ಟ್ಯಾಕ್ ಬಳಸಿ ಪಡೆದ, ಅಕ್ಷರಕ್ಕೊಂದು ಶಿಖರ ಮೂಡುವ ಗ್ರಾಫಿನಲ್ಲಿ ಒಂದು ಶಿಖರ ಎತ್ತರವಾಗಿಯೂ ಪಕ್ಕದ್ದು ನೆಲಕ್ಕೆ ಅಂಟಿಕೊಂಡಂತೆಯೂ ಇರುತ್ತಿತ್ತು. ತಗ್ಗಾದ ಶಿಖರವನ್ನು ಯಂತ್ರ ಹಿನ್ನೆಲೆಯ ಗದ್ದಲವೆಂದು ಬಿಟ್ಟುಬಿಡಬಹುದು. ತಂದೆಯಿಂದ ಒಂದು ಅಕ್ಷರ, ತಾಯಿಯಿಂದ ಇನ್ನೊಂದು ಅಕ್ಷರ ಬಂದಿರುವ ಸ್ಥಾನದಲ್ಲಿ ಎರಡು ಶಿಖರಗಳು ಒಂದರ ಮೇಲೊಂದು ಬೀಳುತ್ತವೆ. ಎತ್ತರಗಳನ್ನು ನಂಬುವಂತಿಲ್ಲವಾದರೆ ಅಲ್ಲಿ ತೀರ್ಮಾನ ಕೊಡುವುದೇ ಕಷ್ಟ.

ಹಾಗಿದ್ದರೆ ಟಿ7 ಕಿಣ್ವವನ್ನೇ ಬಳಸಬಹುದಿತ್ತಲ್ಲ ಎಂದು ಕೇಳಬಹುದು. ಸ್ವಲ್ಪವೇ ಡಿಎನ್‌ಎ ಇರುವಾಗ ಅದನ್ನು ಕಾಯಿಸಿ, ತಣಿಸಿ, ಮತ್ತೆ ಕಾಯಿಸಿ, ಹೀಗೆ ಇಪ್ಪತ್ತೈದು ಮೂವತ್ತು ಸುತ್ತು ನಡೆಸಿ ಸಂಕೇತವನ್ನು ಹೆಚ್ಚಿಸಬೇಕು. ಪ್ರತಿ ಸುತ್ತಿನಲ್ಲೂ ಎಳೆಗಳನ್ನು ಬಿಡಿಸಲು 95 ಡಿಗ್ರಿಯವರೆಗೆ ಹೋಗಬೇಕು. ಅಲ್ಲಿ ಉಳಿಯುವುದು ಟ್ಯಾಕ್ ಮಾತ್ರ. ಒಂದು ಕಿಣ್ವಕ್ಕೆ ಶಾಖ ತಾಳುವ ಮೈ ಇತ್ತು, ಇನ್ನೊಂದಕ್ಕೆ ಬೇಕಾದ ಕ್ರಿಯಾಕೇಂದ್ರ, ಅಂದರೆ ಪ್ರತಿಕ್ರಿಯೆ ನಡೆಯುವ ಜಾಗ, ಇತ್ತು.

ಅದಲು ಬದಲಿನ ಪ್ರಯೋಗ

ಟ್ಯಾಕ್, ಇ. ಕೋಲಿ, ಟಿ7, ಈ ಮೂರರ ಪಾಲಿಮರೇಸ್‌ಗಳೂ ಒಂದೇ ಕುಟುಂಬಕ್ಕೆ ಸೇರಿದವು. ಕುಟುಂಬದ ಮಾದರಿ ರಚನೆ 1985ರಲ್ಲೇ ಸಿಕ್ಕಿತ್ತು: ಯೇಲ್ ವಿಶ್ವವಿದ್ಯಾಲಯದ ಥಾಮಸ್ ಸ್ಟೈಟ್ಜ್ ಅವರ ತಂಡವು ಕ್ಲೆನೋ ತುಂಡಿನ ಸ್ಫಟಿಕ ರಚನೆಯನ್ನು ಬಿಡಿಸಿತ್ತು. ಅದರ ಆಕಾರ ಅರ್ಧ ಮುಚ್ಚಿದ ಬಲಗೈಯಂತೆ. ಅಂಗೈಯಲ್ಲಿ ರಾಸಾಯನಿಕ ಕ್ರಿಯೆ ನಡೆಯುತ್ತದೆ, ಹೆಬ್ಬೆರಳು ಡಿಎನ್‌ಎಯನ್ನು ಹಿಡಿದಿರುತ್ತದೆ, ಉಳಿದ ಬೆರಳುಗಳು ಹೊಸದಾಗಿ ಬರುವ ನ್ಯೂಕ್ಲಿಯೊಟೈಡ್ ಅನ್ನು ಬರಮಾಡಿಕೊಳ್ಳುತ್ತವೆ. ಆದರೆ ಆ ಚಿತ್ರವನ್ನು ಎಷ್ಟು ನೋಡಿದರೂ ಟಿ7 ಏಕೆ ಮೋಸಹೋಗುತ್ತದೆ, ಉಳಿದೆರಡು ಏಕೆ ಹೋಗುವುದಿಲ್ಲ ಎಂಬುದು ತಿಳಿಯುವಂತಿರಲಿಲ್ಲ. ಖಾಲಿ ಕೈಯ ಚಿತ್ರ ಅದು; ಅದರಲ್ಲಿ ತಲಾಧಾರ ತನ್ನ ಜಾಗದಲ್ಲಿ ಕುಳಿತಿರಲಿಲ್ಲ.

ಟೇಬರ್ ಮತ್ತು ರಿಚರ್ಡ್‌ಸನ್ ಅವರು ಹಿಡಿದ ದಾರಿ ಸರಳವೂ ಗಟ್ಟಿಯೂ ಆದದ್ದು. ಕ್ರಿಯಾಕೇಂದ್ರದ ಭಾಗಗಳನ್ನು ಒಂದು ಕಿಣ್ವದಿಂದ ತೆಗೆದು ಇನ್ನೊಂದಕ್ಕೆ ಜೋಡಿಸಿ ಮಿಶ್ರ ಕಿಣ್ವಗಳನ್ನು ಮಾಡುವುದು, ಯಾವ ತುಂಡಿನ ಜೊತೆಗೆ ಗುಣವೂ ವರ್ಗವಾಗುತ್ತದೆ ಎಂದು ನೋಡುವುದು, ಆ ತುಂಡನ್ನು ಕಿರಿದು ಮಾಡುತ್ತ ಹೋಗುವುದು. ಕೊನೆಗೆ ಉಳಿದದ್ದು ಒಂದೇ ಸ್ಥಾನ. ಟಿ7 ಕಿಣ್ವದಲ್ಲಿ ಅದು 526, ಅಲ್ಲಿ ಟೈರೋಸೀನ್ ಇದೆ. ಇ. ಕೋಲಿಯಲ್ಲಿ 762, ಟ್ಯಾಕ್‌ನಲ್ಲಿ 667; ಎರಡರಲ್ಲೂ ಫಿನೈಲ್‌ಅಲನೀನ್.

1995ರಲ್ಲಿ ಪ್ರಕಟವಾದ ಅವರ ಫಲಿತಾಂಶಗಳು ಎರಡೂ ದಿಕ್ಕಿನಲ್ಲಿ ಒಂದೇ ಮಾತನ್ನು ಹೇಳಿದವು. ಟಿ7ರ ಟೈರೋಸೀನ್ ಅನ್ನು ಫಿನೈಲ್‌ಅಲನೀನ್‌ಗೆ ಬದಲಿಸಿದಾಗ, ಡೈಡಿಆಕ್ಸಿ ರೂಪಗಳ ವಿರುದ್ಧದ ತಾರತಮ್ಯ 2,000 ಪಟ್ಟಿಗೂ ಹೆಚ್ಚಾಗಿ ಏರಿತು. ಇ. ಕೋಲಿ ಮತ್ತು ಟ್ಯಾಕ್‌ಗಳ ಫಿನೈಲ್‌ಅಲನೀನ್ ಅನ್ನು ಟೈರೋಸೀನ್‌ಗೆ ಬದಲಿಸಿದಾಗ ಅದೇ ತಾರತಮ್ಯ ಕನಿಷ್ಠ 250 ಪಟ್ಟು, ಗರಿಷ್ಠ 8,000 ಪಟ್ಟು ಕಡಿಮೆಯಾಯಿತು. ಒಂದೇ ದಿಕ್ಕಿನ ಫಲಿತಾಂಶ ಮಾತ್ರ ಸಿಕ್ಕಿದ್ದರೆ, ಬದಲಾವಣೆಯಿಂದ ಕಿಣ್ವ ಕೆಟ್ಟುಹೋಗಿ ಹೀಗಾಯಿತೆಂದು ಯಾರಾದರೂ ವಾದಿಸಬಹುದಿತ್ತು. ಇಕ್ಕೆಲದಿಂದಲೂ ಅದೇ ಸ್ಥಾನ, ಅದೇ ಹೈಡ್ರಾಕ್ಸಿಲ್ ಎಂದು ಬಂದಾಗ ಆ ವಾದಕ್ಕೆ ಜಾಗ ಉಳಿಯಲಿಲ್ಲ. ಈ ಪ್ರಕರಣದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾಗುವುದು ಇದೇ.

ಒಳಗೆ ನಡೆಯುವುದೇನು

ತಲಾಧಾರ ಕುಳಿತಿರುವ ಚಿತ್ರಗಳು 1998ರಲ್ಲಿ ಬಂದವು. ಟಿ7 ಕಿಣ್ವದ ರಚನೆಯನ್ನು ಹಾರ್ವರ್ಡಿನ ತಂಡ ಪ್ರಕಟಿಸಿತು. ಟ್ಯಾಕ್‌ನ ದೊಡ್ಡ ತುಂಡಾದ ಕ್ಲೆನ್‌ಟ್ಯಾಕ್‌ನ ರಚನೆಯನ್ನು ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದ ಗೇಬ್ರಿಯಲ್ ವಾಕ್ಸ್‌ಮನ್ ಅವರ ತಂಡ ಪ್ರಕಟಿಸಿತು. ಕಿಣ್ವ, ಡಿಎನ್‌ಎ ಮತ್ತು ಒಳಬಂದ ನ್ಯೂಕ್ಲಿಯೊಟೈಡ್ ಮೂರೂ ಒಟ್ಟಿಗಿದ್ದ ಸ್ಥಿತಿಯನ್ನು ಅವು ತೋರಿಸಿದವು. ಪ್ರತಿಕ್ರಿಯೆ ಮುಂದುವರಿಯದಂತೆ ಹಿಡಿದು ನಿಲ್ಲಿಸಲು ಬಳಸಿದ್ದು ಡೈಡಿಆಕ್ಸಿ ನ್ಯೂಕ್ಲಿಯೊಟೈಡ್ ಅನ್ನೇ ಎಂಬುದನ್ನು ಗಮನಿಸಬೇಕು. ಸಮಸ್ಯೆಯಾಗಿದ್ದ ಅಣುವೇ ಉತ್ತರ ಹುಡುಕುವ ಸಾಧನವೂ ಆಯಿತು.

ಬೆರಳುಗಳ ಭಾಗದಲ್ಲಿ ಓ ಸುರುಳಿ ಎಂದು ಕರೆಯುವ ಒಂದು ಆಲ್ಫಾ ಸುರುಳಿಯಿದೆ. ನ್ಯೂಕ್ಲಿಯೊಟೈಡ್ ಬಂದಾಗ ಬೆರಳುಗಳ ತುದಿ ಸುಮಾರು 46 ಡಿಗ್ರಿ ಒಳಕ್ಕೆ ತಿರುಗಿ, ತೆರೆದಿದ್ದ ಕೈ ಮುಚ್ಚಿಕೊಳ್ಳುತ್ತದೆ. ಆಗ ಸುರುಳಿಯ ಮೇಲಿನ 659ನೆಯ ಆರ್ಜಿನೀನ್ ಮತ್ತು 663ನೆಯ ಲೈಸೀನ್ ಅಣುವಿನ ಋಣ ವಿದ್ಯುದಂಶವುಳ್ಳ ಫಾಸ್ಫೇಟ್ ಬಾಲವನ್ನು ಹಿಡಿದುಕೊಳ್ಳುತ್ತವೆ. ಆಲ್ಫಾ ಸುರುಳಿಯ ಒಂದು ಸುತ್ತಿಗೆ 3.6 ಅಮೈನೊ ಆಮ್ಲಗಳು. ಆದ್ದರಿಂದ 659, 663, 667 ಎಂದು ನಾಲ್ಕು ನಾಲ್ಕರ ಅಂತರದಲ್ಲಿರುವ ಶೇಷಗಳು, ಅಂದರೆ ಸರಪಳಿಯಲ್ಲಿನ ಅಮೈನೊ ಆಮ್ಲಗಳು, ಸುರುಳಿಯ ಒಂದೇ ಮಗ್ಗುಲಿಗೆ ಬರುತ್ತವೆ. ಮೂರೂ ನ್ಯೂಕ್ಲಿಯೊಟೈಡ್‌ನತ್ತಲೇ ಮುಖಮಾಡಿವೆ. 667ನೆಯ ಉಂಗುರ ಬರುವ ಅಣುವಿನ ಸಕ್ಕರೆಗೆ ತೀರ ಹತ್ತಿರ ಬಂದು ನಿಲ್ಲುತ್ತದೆ.

ಸಾಮಾನ್ಯ ನ್ಯೂಕ್ಲಿಯೊಟೈಡ್ ಬಂದಾಗ ಅದರ ಸಕ್ಕರೆಯ 3ನೆಯ ಹೈಡ್ರಾಕ್ಸಿಲ್ ತನ್ನದೇ ಫಾಸ್ಫೇಟ್ ಬಾಲದ ಆಮ್ಲಜನಕದೊಂದಿಗೆ ಹೈಡ್ರೋಜನ್ ಬಂಧ ಮಾಡಿಕೊಳ್ಳುತ್ತದೆ. ಅದರಿಂದ ಬಾಲವು ಪ್ರತಿಕ್ರಿಯೆಗೆ ತಕ್ಕ ಭಂಗಿಯಲ್ಲಿ ಮಡಚಿಕೊಂಡು ನಿಲ್ಲುತ್ತದೆ. ಡೈಡಿಆಕ್ಸಿಯಲ್ಲಿ ಆ ಹೈಡ್ರಾಕ್ಸಿಲ್ ಇಲ್ಲದಿರುವುದರಿಂದ ಬಾಲವನ್ನು ಕಟ್ಟಿ ನಿಲ್ಲಿಸುವ ಬಂಧವೂ ಇಲ್ಲ. ಫಿನೈಲ್‌ಅಲನೀನ್ ಇರುವ ಕಿಣ್ವ ಆ ಕೊರತೆಯನ್ನು ತುಂಬಲಾರದು. ಟೈರೋಸೀನ್ ಇದ್ದರೆ ಅದರ ಉಂಗುರದ ತುದಿಯ ಹೈಡ್ರಾಕ್ಸಿಲ್ ಸರಿಯಾಗಿ ಅದೇ ಖಾಲಿ ಜಾಗದತ್ತ ಚಾಚಿಕೊಂಡು, ತಲಾಧಾರ ಕೊಡಬೇಕಾಗಿದ್ದ ಬಂಧವನ್ನು ತಾನು ಕೊಡುತ್ತದೆ. ಸಕ್ಕರೆ ಕಳೆದುಕೊಂಡ ಆಮ್ಲಜನಕವನ್ನು ಕಿಣ್ವ ತನ್ನ ಕಡೆಯಿಂದ ಒದಗಿಸುತ್ತದೆ ಎಂದರೆ ತಪ್ಪಾಗದು.

ಇಷ್ಟು ಸಣ್ಣ ಬದಲಾವಣೆ ಸಾವಿರಾರು ಪಟ್ಟು ವ್ಯತ್ಯಾಸ ತರಬಲ್ಲದೇ ಎಂಬ ಸಂದೇಹ ಸಹಜ. ವೇಗದ 250 ಪಟ್ಟು ವ್ಯತ್ಯಾಸವನ್ನು 37 ಡಿಗ್ರಿಯಲ್ಲಿ ಶಕ್ತಿಗೆ ಪರಿವರ್ತಿಸಿದರೆ ಮೋಲ್‌ಗೆ ಸುಮಾರು 3.4 ಕಿಲೊಕ್ಯಾಲೊರಿ ಬರುತ್ತದೆ, 8,000 ಪಟ್ಟಿಗೆ ಸುಮಾರು 5.5. ಒಂದೆರಡು ಒಳ್ಳೆಯ ಹೈಡ್ರೋಜನ್ ಬಂಧಗಳ ಬೆಲೆ ಇದು. ಶಕ್ತಿಗೂ ವೇಗಕ್ಕೂ ಇರುವ ಸಂಬಂಧ ಘಾತೀಯವಾದದ್ದರಿಂದ, ಕಿಣ್ವಗಳ ಜಗತ್ತಿನಲ್ಲಿ ಒಂದು ಬಂಧ ಕಡಿಮೆಯಾದರೂ ಬಾಗಿಲು ಮುಚ್ಚಿದಂತೆಯೇ ಆಗುತ್ತದೆ.

ಸಕ್ಕರೆಯ ಇನ್ನೊಂದು ಮೂಲೆಯಲ್ಲಿ ನಡೆಯುವ ಆಯ್ಕೆಯನ್ನೂ ಇದರೊಂದಿಗೆ ಹೋಲಿಸಿ ನೋಡಬೇಕು. ಆರ್‌ಎನ್‌ಎಯ ಕೊಂಡಿಗಳಲ್ಲಿ 2ನೆಯ ಇಂಗಾಲದಲ್ಲೂ ಹೈಡ್ರಾಕ್ಸಿಲ್ ಇರುತ್ತದೆ. ಜೀವಕೋಶದಲ್ಲಿ ಅವು ಡಿಎನ್‌ಎಯ ಕೊಂಡಿಗಳಿಗಿಂತ ಎಷ್ಟೋ ಹೆಚ್ಚು ಪ್ರಮಾಣದಲ್ಲಿರುವುದರಿಂದ ಪಾಲಿಮರೇಸ್ ಅವನ್ನು ದೂರವಿಡಲೇಬೇಕು. ಆ ಕೆಲಸ ಮಾಡುವುದು ಟ್ಯಾಕ್‌ನಲ್ಲಿ 615ನೆಯ ಗ್ಲುಟಮಿಕ್ ಆಮ್ಲ. ಅದರ ಪಾರ್ಶ್ವಗುಂಪು 2ನೆಯ ಹೈಡ್ರಾಕ್ಸಿಲ್ ಬರಬೇಕಾದ ಜಾಗಕ್ಕೆ ಅಡ್ಡ ನಿಲ್ಲುತ್ತದೆ. ಇ. ಕೋಲಿಯ ಕಿಣ್ವದಲ್ಲಿ ಇದಕ್ಕೆ ಸಮನಾದ 710ನೆಯ ಗ್ಲುಟಮಿಕ್ ಆಮ್ಲವನ್ನು ಚಿಕ್ಕದಾದ ಅಲನೀನ್‌ಗೆ ಬದಲಿಸಿದಾಗ ಆರ್‌ಎನ್‌ಎಯ ಕೊಂಡಿಗಳು ಒಳನುಗ್ಗುವುದನ್ನು 1998ರಲ್ಲಿ ಕ್ಯಾಥರೀನ್ ಜಾಯ್ಸ್ ಅವರ ತಂಡ ತೋರಿಸಿತು. ಒಂದೇ ಸಕ್ಕರೆ, ಅದರ ಎರಡು ಮೂಲೆಗಳು, ಆಯ್ಕೆಯ ಎರಡು ಭಿನ್ನ ಬಗೆಗಳು. 2ನೆಯ ಮೂಲೆಯಲ್ಲಿ ಹೆಚ್ಚಿಗೆ ಇರುವುದನ್ನು ಜಾಗ ಕೊಡದೆ ತಡೆಯುವುದು, 3ನೆಯ ಮೂಲೆಯಲ್ಲಿ ಇರಬೇಕಾದದ್ದು ಇಲ್ಲದಿದ್ದರೆ ಆಧಾರ ಕೊಡದೆ ಬಿಡುವುದು. ಮೊದಲನೆಯದು ಜೀವಿಯ ಉಳಿವಿಗೇ ಬೇಕಾದ ಕಾವಲು. ಎರಡನೆಯದು ಹಾಗಲ್ಲ ಎಂದು ನನ್ನ ಅಭಿಪ್ರಾಯ. ಬಿಸಿನೀರಿನ ಬುಗ್ಗೆಯ ಬ್ಯಾಕ್ಟೀರಿಯಕ್ಕೆ ಈ ಡೈಡಿಆಕ್ಸಿ ನ್ಯೂಕ್ಲಿಯೊಟೈಡ್‌ಗಳ ಕಾಟವಿದ್ದಿರಲಾರದು.

ಶಾಖ ತಾಳುವ ಗುಣ ಎಲ್ಲಿತ್ತು

ಟ್ಯಾಕ್‌ನ ಪಾಲಿಮರೇಸ್ ಭಾಗವನ್ನು ಇ. ಕೋಲಿಯದರ ಮೇಲಿಟ್ಟು ನೋಡಿದರೆ ಬೆನ್ನೆಲುಬಿನ ಓಟ ಬಹುತೇಕ ಒಂದೇ. ಹಾಗಾದರೆ ಒಂದು ಕಿಣ್ವ 95 ಡಿಗ್ರಿಯಲ್ಲಿ ಉಳಿದು ಇನ್ನೊಂದು ಸಾಯುವುದೇಕೆ? ಒಳಭಾಗದ ನೀರೊಲ್ಲದ ಗುಂಪುಗಳು ಇನ್ನಷ್ಟು ಒತ್ತಾಗಿ ಕೂಡಿರುವುದು, ಒಂದನ್ನೊಂದು ದೂಡುವ ವಿದ್ಯುದಂಶಗಳು ಕಡಿಮೆಯಿರುವುದು, ಹೀಗೆ ಸಣ್ಣ ಸಣ್ಣ ಕಾರಣಗಳು ಅಣುವಿನ ಉದ್ದಕ್ಕೂ ಹರಡಿಕೊಂಡಿವೆ. ಇದು ಯಾವುದೋ ಒಂದು ಅಮೈನೊ ಆಮ್ಲ ಹೊತ್ತ ಭಾರವಲ್ಲ. ಆಯ್ಕೆಯ ಗುಣವಾದರೋ ಕ್ರಿಯಾಕೇಂದ್ರದ ಒಂದು ಮೂಲೆಯಲ್ಲಿ ನೆಲೆಸಿದೆ. ಆದ್ದರಿಂದಲೇ 667ರಲ್ಲಿ ಟೈರೋಸೀನ್ ಬಂದ ಟ್ಯಾಕ್ ಮೊದಲಿನಂತೆಯೇ ಸುತ್ತಿನ ಮೇಲೆ ಸುತ್ತು ಶಾಖವನ್ನು ತಾಳಿತು. ಟಿ7 ಕಿಣ್ವಕ್ಕೆ ಶಾಖ ತಾಳುವ ಮೈ ಕೊಡಲು ಹೊರಟಿದ್ದರೆ ಹತ್ತಾರು ಕಡೆ ಕೈ ಹಾಕಬೇಕಾಗುತ್ತಿತ್ತು. ಟ್ಯಾಕ್‌ಗೆ ಟಿ7ರ ಆಯ್ಕೆಯನ್ನು ಕೊಡಲು ಒಂದು ಶೇಷ ಸಾಕಾಯಿತು.

ಈ ತಿಳಿವು ಬೇಗನೆ ಬಳಕೆಗೆ ಬಂತು. ಥರ್ಮೊ ಸೀಕ್ವೆನೇಸ್ ಮತ್ತು ಆಂಪ್ಲಿಟ್ಯಾಕ್ ಎಫ್‌ಎಸ್ ಎಂಬ ಹೆಸರಿನ ಎರಡು ಕಿಣ್ವಗಳಲ್ಲೂ 667ನೆಯ ಸ್ಥಾನದಲ್ಲಿ ಟೈರೋಸೀನ್ ಇದೆ. ಎರಡನೆಯದರಲ್ಲಿ 46ನೆಯ ಗ್ಲೈಸೀನ್ ಅನ್ನು ಆಸ್ಪಾರ್ಟಿಕ್ ಆಮ್ಲಕ್ಕೆ ಬದಲಿಸಿ, ಎಳೆಯನ್ನು ಒಂದು ತುದಿಯಿಂದ ಕತ್ತರಿಸುವ ಟ್ಯಾಕ್‌ನ ಇನ್ನೊಂದು ಚಟುವಟಿಕೆಯನ್ನೂ ನಿಲ್ಲಿಸಲಾಗಿದೆ. ಬಣ್ಣ ಹಚ್ಚಿದ ಡೈಡಿಆಕ್ಸಿಯ ಬಳಕೆ ಬಹಳ ತಗ್ಗಿತು, ಶಿಖರಗಳು ಸಮವಾದವು, ಮಾನವ ಜೀನೋಮ್ ಯೋಜನೆಯ ಕಾಲದ ಸೀಕ್ವೆನ್ಸಿಂಗ್ ಇಂಥ ಕಿಣ್ವಗಳ ಮೇಲೆ ನಡೆಯಿತು.

ಉಳಿದ ಕೊರತೆ

ಸಮವಾದವು ಎಂದೆ, ಪೂರ್ತಿ ಸಮವಾಗಲಿಲ್ಲ. ನಾಲ್ಕು ಡೈಡಿಆಕ್ಸಿಗಳಲ್ಲಿ ಜಿ ಅಕ್ಷರದ್ದನ್ನು ಟ್ಯಾಕ್ ಉಳಿದ ಮೂರಕ್ಕಿಂತ ಸುಮಾರು 10 ಪಟ್ಟು ವೇಗವಾಗಿ ಸೇರಿಸಿಕೊಳ್ಳುತ್ತಿತ್ತು. ಅದರಿಂದ ಜಿಯಲ್ಲಿ ಕೊನೆಯಾಗುವ ಎಳೆಗಳು ಬೇಗನೆ ನಿಂತು, ಉದ್ದದ ಎಳೆಗಳು ವಿರಳವಾಗುತ್ತಿದ್ದವು. ವಾಕ್ಸ್‌ಮನ್ ಅವರ ತಂಡ ನಾಲ್ಕೂ ಡೈಡಿಆಕ್ಸಿಗಳು ಪ್ರತ್ಯೇಕವಾಗಿ ಕುಳಿತಿರುವ ನಾಲ್ಕು ರಚನೆಗಳನ್ನು ಬಿಡಿಸಿ 1999ರಲ್ಲಿ ಪ್ರಕಟಿಸಿತು. ಮೂರು ರಚನೆಗಳು ಒಂದರಂತೆ ಒಂದಿದ್ದವು. ಜಿ ಇರುವ ರಚನೆಯಲ್ಲಿ ಮಾತ್ರ ಅದೇ ಓ ಸುರುಳಿಯ 660ನೆಯ ಆರ್ಜಿನೀನ್‌ನ ಪಾರ್ಶ್ವಗುಂಪು ತನ್ನ ಜಾಗದಿಂದ ಬಹಳ ಸರಿದು ಬಂದು, ಜಿ ಪ್ರತ್ಯಾಮ್ಲದೊಂದಿಗೆ ಹೆಚ್ಚುವರಿ ಹೈಡ್ರೋಜನ್ ಬಂಧಗಳನ್ನು ಮಾಡಿಕೊಂಡಿತ್ತು. ಆ ಆರ್ಜಿನೀನ್ ಅನ್ನು ಆಸ್ಪಾರ್ಟಿಕ್ ಆಮ್ಲ, ಸೆರೀನ್ ಮೊದಲಾದವುಗಳಿಗೆ ಬದಲಿಸಿದಾಗ ಜಿಯ ವೇಗ ಮಾತ್ರ ಇಳಿಯಿತು, ಶಿಖರಗಳ ಎತ್ತರ ಗಮನಾರ್ಹವಾಗಿ ಸಮವಾಯಿತು.

667ರ ವಿಷಯದಲ್ಲಿ ಪ್ರಯೋಗ ಮೊದಲು ಬಂದು ರಚನೆ ಆಮೇಲೆ ಅದನ್ನು ವಿವರಿಸಿತು. 660ರ ವಿಷಯದಲ್ಲಿ ರಚನೆಯೇ ಮೊದಲು ಜಾಗವನ್ನು ತೋರಿಸಿತು, ಪ್ರಯೋಗ ಅದನ್ನು ಒಪ್ಪಿತು. ತಲಾಧಾರ ಒಳಗೆ ಕುಳಿತಿರುವ ಚಿತ್ರ ಕೈಗೆ ಬಂದದ್ದೇ ಈ ನಾಲ್ಕು ವರ್ಷಗಳಲ್ಲಿ ಆದ ಬದಲಾವಣೆ.

ಇದೇ ಸ್ಥಾನ, ಮನುಷ್ಯನ ಕಿಣ್ವದಲ್ಲಿ

ನಮ್ಮ ಜೀವಕೋಶಗಳ ಮೈಟೊಕಾಂಡ್ರಿಯಗಳಲ್ಲಿ ಡಿಎನ್‌ಎಯನ್ನು ನಕಲು ಮಾಡುವ ಗಾಮಾ ಪಾಲಿಮರೇಸ್ ಕೂಡ ಇದೇ ಕುಟುಂಬದ್ದು. ಟ್ಯಾಕ್‌ನ 667ಕ್ಕೆ ಸಮನಾದ ಅದರ 951ನೆಯ ಸ್ಥಾನದಲ್ಲಿ ಇರುವುದು ಟೈರೋಸೀನ್. ಎಚ್‌ಐವಿ ಸೋಂಕಿಗೆ 1992ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಜಾಲ್ಸಿಟಾಬಿನ್ ಎಂಬ ಔಷಧಿ ಒಂದು ಡೈಡಿಆಕ್ಸಿ ನ್ಯೂಕ್ಲಿಯೊಸೈಡ್. ದೇಹದೊಳಗೆ ಅದು ಸ್ಯಾಂಗರ್ ಅವರ ಪ್ರಯೋಗದಲ್ಲಿ ಸಿ ಅಕ್ಷರಕ್ಕೆ ಬಳಸಿದ ಅಣುವಾಗಿಯೇ ಮಾರ್ಪಡುತ್ತದೆ. ವೈರಸ್ಸಿನ ಎಳೆಯನ್ನು ನಿಲ್ಲಿಸಲೆಂದು ಕೊಟ್ಟ ಈ ಅಣುವನ್ನು ನಮ್ಮ ಮೈಟೊಕಾಂಡ್ರಿಯದ ಕಿಣ್ವವೂ ಸ್ವೀಕರಿಸಿ ತನ್ನ ಎಳೆಯನ್ನು ಅರ್ಧಕ್ಕೇ ನಿಲ್ಲಿಸಿಕೊಳ್ಳುತ್ತದೆ. ರೋಗಿಗಳ ಕೈಕಾಲುಗಳ ನರಗಳಲ್ಲಿ ಉರಿ, ಜೋಮು, ನೋವು ಕಾಣಿಸಿಕೊಂಡು ಔಷಧಿಯನ್ನೇ ನಿಲ್ಲಿಸಬೇಕಾಗುತ್ತಿತ್ತು. 2003ರಲ್ಲಿ ವಿಲಿಯಂ ಕೋಪ್‌ಲ್ಯಾಂಡ್ ಅವರ ತಂಡ ಮನುಷ್ಯನ ಗಾಮಾ ಪಾಲಿಮರೇಸ್‌ನ 951ನೆಯ ಟೈರೋಸೀನ್ ಅನ್ನು ಫಿನೈಲ್‌ಅಲನೀನ್‌ಗೆ ಬದಲಿಸಿ ಪರೀಕ್ಷಿಸಿದಾಗ, ಡೈಡಿಆಕ್ಸಿ ನ್ಯೂಕ್ಲಿಯೊಟೈಡ್‌ಗಳ ಸೇರ್ಪಡೆಗೆ ಬಹುಪಾಲು ಕಾರಣ ಆ ಒಂದು ಶೇಷವೇ ಎಂದು ಕಂಡುಬಂತು. ಜಾಲ್ಸಿಟಾಬಿನ್‌ನ ಮಾರಾಟ 2006ರ ಕೊನೆಗೆ ನಿಂತಿತು.